ಅಡುಗೆಮನೆಗೆ ನುಗ್ಗಿದ ಇನ್ನೋವಾ

ಬರೀ ಕಾರು ಬಂದಿದ್ದರೆ ನಾಗಶ್ರೀ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಕಾರಿನ ಹಿಂದೆಯೇ ಇಡೀ ಜಪಾನ್ ದೇಶ ಬಂದು ಕೊಳ್ಳೇಗಾಲದ ಆ ಮನೆಯ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಟ್ಟಿತಲ್ಲ, ಅದು ಅವಳ ಸಂಕಟ.

ಕಾರು ಹೊಸದೇನಲ್ಲ. ಗಂಡ ಬಸವೇಶನ ಸೋದರಮಾವನ ಮಗ ಶಿವಕುಮಾರಸ್ವಾಮಿ ಮೈಸೂರಿನಲ್ಲಿ ಅದನ್ನು ವರ್ಷಾನುಗಟ್ಟಲೆ ಓಡಿಸಿ, “ನಿನ್ ಕೈಗಾದ್ರೆ ಕೊಡ್ತೀನಿ ಕಣೋ, ಬೇರೆಯೋರಿಗೆ ಕೊಡೋಕೆ ಮನಸ್ಸು ಬರಲ್ಲ” ಎಂದು ಮಗಳನ್ನು ಧಾರೆ ಎರೆಯುವವನಂತೆ ಕಣ್ಣೊರೆಸಿಕೊಂಡು ಒಪ್ಪಿಸಿದ ಟೊಯೋಟಾ ಇನ್ನೋವಾ. ಬೆಳ್ಳಿಬಣ್ಣ, ಎಂಟು ಸೀಟು. ಮೀಟರು ಎರಡು ಲಕ್ಷ ದಾಟಿತ್ತು.

“ಎರಡು ಲಕ್ಷ ಅಂದ್ರೆ ಈ ಗಾಡಿಗೆ ಹದಿನೆಂಟರ ವಯಸ್ಸು ಕಣೇ. ಈಗಷ್ಟೇ ಮೀಸೆ ಚಿಗುರ್ತಾ ಇದೆ” ಎಂದು ಬಸವೇಶ ಬಾನೆಟ್ಟನ್ನು ಸವರಿದ. ಮಗಳು ಸಿಂಧು ಹುಟ್ಟಿದಾಗ ಕೂಡ ಅವನು ಇಷ್ಟು ಮೆತ್ತಗೆ ಸವರಿದ್ದು ನಾಗಶ್ರೀಗೆ ನೆನಪಿರಲಿಲ್ಲ. (ಸಿಂಧು ಸವರಿದ ತಕ್ಷಣ ಅತ್ತಿದ್ದಳು. ಕಾರು ಅಳಲಿಲ್ಲ. ವ್ಯತ್ಯಾಸಕ್ಕೆ ಅದೂ ಒಂದು ಕಾರಣವಿರಬಹುದು.)

ಅಂದಿನಿಂದ ಮನೆಯಲ್ಲಿ ಕಾರಿನ ಮಡಿ ಶುರುವಾಯಿತು. ಚಪ್ಪಲಿಯನ್ನು ಹೊರಗೆ ಕೊಡವಿ ಹತ್ತಬೇಕು. ಒಳಗೆ ಏನೂ ತಿನ್ನಕೂಡದು. ಒಮ್ಮೆ ಹಿಂದಿನ ಸೀಟಿನ ಸಂದಿಯಲ್ಲಿ ಚಕ್ಕುಲಿಯ ಒಂದು ಚೂರು ಸಿಕ್ಕಿ, ಅದರ ಒಡೆಯರು ಯಾರೆಂದು ತನಿಖೆ ನಡೆದು, ನಾಲ್ಕು ವರ್ಷದ ಸಿಂಧುವಿನ ಮೇಲೆ ಆರೋಪ ಬಂದು, ಕೊನೆಗೆ ಅದು ಅಜ್ಜಿಯ ಬಾಯಿಂದ ಬಿದ್ದದ್ದೆಂದು ಗೊತ್ತಾದಾಗ ಕಡತ ಮುಚ್ಚಿಹೋಯಿತು. ಭಾನುವಾರ ಕಾರಿಗೆ ಅಭ್ಯಂಜನ. ಅದಕ್ಕೆ ಬಳಸುತ್ತಿದ್ದದ್ದು ತನ್ನ ಶಾಂಪೂ ಎಂಬುದು ನಾಗಶ್ರೀಗೆ ತಿಳಿಯುವ ಹೊತ್ತಿಗೆ ಬಾಟಲಿ ತಳ ಕಂಡಿತ್ತು. ಕಾರಿನ ಹೊಳಪು ಮಾತ್ರ ಹೆಚ್ಚಿತ್ತು, ತನ್ನ ಕೂದಲಿನದು ಹಾಗೇ ಇತ್ತು.

ಇದನ್ನೆಲ್ಲ ಅವಳು ನುಂಗಿಕೊಂಡಳು. ನುಂಗಲಾಗದ್ದು ಒಂದೇ: ಅವಳಿಗೆ ಡ್ರೈವಿಂಗ್ ಬರುತ್ತಿತ್ತು, ಕೀ ಸಿಗುತ್ತಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಊರಿನ ಡ್ರೈವಿಂಗ್ ಸ್ಕೂಲಿಗೆ ಸೇರಿ, ಸಂತೆಮಾಳದ ಇಕ್ಕಟ್ಟು ಗಲ್ಲಿಯಲ್ಲಿ ಹಳೆಯ ಪುಟಾಣಿ ಕಾರೊಂದನ್ನು ಮುಂದಕ್ಕೂ ಹಿಂದಕ್ಕೂ ಓಡಾಡಿಸಿ, ಲೈಸೆನ್ಸ್ ತೆಗೆದುಕೊಂಡಿದ್ದಳು. (ಅದರಲ್ಲಿನ ಫೋಟೋ ನೋಡಿದರೆ ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತಾಳೆ, ಇರಲಿ.) “ಹಿಂದಕ್ ಬುಡೋದ್ರಲ್ಲಿ ನಿಮ್ಮನ್ ಮೀರ್ಸೋರಿಲ್ಲ ಕಣಮ್ಮ” ಎಂದು ಕಲಿಸಿದ ಗೋವಿಂದಯ್ಯ ಹೊಗಳಿದ್ದರು. ಅದು ಹೊಗಳಿಕೆ ಹೌದೋ ಅಲ್ಲವೋ ಎಂದು ಅವಳು ಎರಡು ದಿನ ಯೋಚಿಸಿದ್ದಳು.

ಬಸವೇಶನದು ಕಾಲೇಜು ದಿನಗಳ ಲೈಸೆನ್ಸು. ಆಮೇಲೆ ಓಡಿಸಿದ್ದೆಲ್ಲ ಸ್ಕೂಟರು. ಈಗ ಸ್ಟೇರಿಂಗ್ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು ಕೂರುತ್ತಿದ್ದ. ಅವನ ಚಾಲನೆಯಲ್ಲಿ ಒಂದು ವಿಚಿತ್ರವಿತ್ತು. ಮನೆಯ ಮುಂದೆ ಕಾರು ಯಾವ ದಿಕ್ಕಿಗೆ ಮುಖ ಮಾಡಿದೆಯೋ ಅದೇ ದಿಕ್ಕಿಗೆ ಹೊರಡುವುದು. ತನ್ನ ಅಂಗಡಿ ಎಡಗಡೆ ಹತ್ತು ಹೆಜ್ಜೆಯಲ್ಲಿದ್ದರೂ ಸರಿ, ಬಲಗಡೆಯಿಂದ ಹೊರಟು ಬಸ್‌ಸ್ಟ್ಯಾಂಡನ್ನೆಲ್ಲ ಬಳಸಿ ಬರುವುದು. “ಡೀಸೆಲ್ ಗಾಡಿ, ವಸಿ ಓಡಿ ಬಿಸಿಯಾಗ್ಬೇಕು” ಎನ್ನುತ್ತಿದ್ದ. ಒಮ್ಮೆ ಯಳಂದೂರಿನ ಗೌರೇಶ್ವರನ ಗುಡಿಗೆಂದು ಎಲ್ಲರನ್ನೂ ಕೂರಿಸಿಕೊಂಡು ಹೊರಟವನು ತಿರುವು ತಪ್ಪಿಸಿ, ಹಾಗೇ ಮುಂದಕ್ಕೆ ಹೋಗಿ, ಹೋಗಿ, ಸಂತೇಮರಹಳ್ಳಿಯ ವೃತ್ತವನ್ನು ಒಂದು ಸುತ್ತು ಹಾಕಿಕೊಂಡು ಬಂದಿದ್ದ. “ಲಾಂಗ್ ಡ್ರೈವ್” ಎಂದು ಅದಕ್ಕೆ ಹೆಸರಿಟ್ಟ. ಗುಡಿಯ ಬಾಗಿಲು ಹಾಕಿತ್ತು.

ಇನ್ನು ಜಪಾನಿನ ವಿಷಯ.

ಬಸವೇಶನದು ಮಗ್ಗದ ಸಾಮಾನಿನ ಅಂಗಡಿ. ಲಾಳಿ, ಹಣಿಗೆ, ಬಾಬಿನ್ನು, ಪವರ್‌ಲೂಮಿನ ಬಿಡಿಭಾಗ. ರೇಷ್ಮೆ ಸೀರೆ ನೇಯುವ ಊರಿನಲ್ಲಿ ಅದು ತಂದೆ ವೃಷಭೇಂದ್ರಪ್ಪನವರು ಹಾಕಿಕೊಟ್ಟ ವ್ಯಾಪಾರ. ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಅವನು ಮೊಬೈಲಿನಲ್ಲಿ ತನ್ನ ಕಾರಿನ ಕುಲಗೋತ್ರ ಹುಡುಕುತ್ತಾ ಹೋಗಿ, ಅಂಗಡಿಗೆ ಬೀಗ ಹಾಕುವುದನ್ನೂ ಮರೆತು ಮನೆಗೆ ಓಡಿಬಂದ.

“ಅಪ್ಪಾ! ಟೊಯೋಟಾದೋರು ಮೊದ್ಲು ಏನು ಮಾಡ್ತಿದ್ರು ಗೊತ್ತಾ? ಮಗ್ಗ!”

ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ವೃಷಭೇಂದ್ರಪ್ಪನವರು ಕನ್ನಡಕ ಇಳಿಸಿದರು. “ಯಾವ ಮಗ್ಗ್ಲಾ?”

“ನೇಯೋ ಮಗ್ಗ! ಸಕಿಚಿ ಟೊಯೋಡ ಅಂತ, ಬಡಗಿ ಮಗ. ಅವ್ರವ್ವ ನೇಯ್ದೂ ನೇಯ್ದೂ ಸುಸ್ತಾಗೋದು ನೋಡಕ್ಕಾಗ್ದೆ ಒಳ್ಳೆ ಮಗ್ಗ ಮಾಡ್ದ. ಆಮೇಲೆ ಇನ್ನೊಂದು ಮಾಡ್ದ, ಒಂದು ಎಳೆ ಕಿತ್ತೋದ್ರೆ ಸಾಕು, ಮಗ್ಗ ತನಗೆ ತಾನೇ ನಿಂತ್ಕೋತದೆ! ಅದ್ರಿಂದ ಬಂದ ದುಡ್ಡಲ್ಲೇ ಮಗ ಕಾರು ಮಾಡೋಕೆ ಕೈ ಹಾಕಿದ್ದು.”

“ಅಂಗಾದ್ರೆ ನಮ್ಮೋನೇ ಅನ್ನು!” ಎಂದು ವೃಷಭೇಂದ್ರಪ್ಪನವರು ಎದ್ದೇ ಕೂತರು. “ಆ ಸಕಿಚಪ್ಪ ಈ ಕಡೆ ಉಟ್ಟಿದ್ರೆ ಲಾಳಿಗೆ ನಮ್ ಅಂಗ್ಡಿಗೇ ಬತ್ತಿದ್ದ. ಸಾಲ ಏಳ್ತಿದ್ದ, ಆದ್ರೂ ಕೊಡ್ತಿದ್ದೆ ಕನ್ಲಾ.”

ಟೊಯೋಡ ಹೇಗೆ ಟೊಯೋಟಾ ಆಯಿತೆಂಬ ಕಥೆಯೂ ಬಂತು. ಅವರ ಲಿಪಿಯಲ್ಲಿ ಹಾಗೆ ಬರೆದರೆ ಎಂಟೇ ಗೆರೆ, ಎಂಟು ಅವರಿಗೆ ಶುಭ. ಅತ್ತೆ ಶಿವರತ್ನಮ್ಮ ಒಳಗಿನಿಂದಲೇ ಕೂಗಿದರು: “ನಮ್ ಗಾಡೀಲೂ ಎಂಟು ಸೀಟು ಅವೆ!” ಆ ರಾತ್ರಿ ಊಟದ ಹೊತ್ತಿಗೆ ಸಕಿಚಪ್ಪನವರು ಮನೆಯ ಹಿರೀಕರ ಪಟ್ಟಿಗೆ ಸೇರಿಹೋಗಿದ್ದರು. ಫೋಟೋ ಹಾಕಿಸುವುದೊಂದು ಬಾಕಿ.

ಇತಿಹಾಸದಲ್ಲೇ ನಿಂತಿದ್ದರೆ ನಾಗಶ್ರೀಯದೇನೂ ತಕರಾರಿರಲಿಲ್ಲ. ಆದರೆ ಆ ಕಂಪನಿಯ ಕಾರ್ಖಾನೆ ನಡೆಸುವ ಪದ್ಧತಿಗಳೂ ಲೋಕಪ್ರಸಿದ್ಧವಂತೆ. ಬಸವೇಶನ ಬಳಿ ಕಾರ್ಖಾನೆ ಇರಲಿಲ್ಲ. ಹೆಂಡತಿ ಇದ್ದಳು, ಅಡುಗೆಮನೆ ಇತ್ತು.

ಮೊದಲನೆಯ ಸುಧಾರಣೆ: ಬೇಕಾದಾಗ, ಬೇಕಾದಷ್ಟು. “ಸಾಮಾನು ಸುಮ್ನೆ ತುಂಬ್ಕೊಂಡು ಕೂರೋದು ದಂಡ. ಜಪಾನ್‌ನಲ್ಲಿ ಆ ಹೊತ್ತಿಗೆ ಬೇಕಾದ್ದು ಆ ಹೊತ್ತಿಗೇ ಬರ್ತದೆ” ಎಂದು ಡಬ್ಬಗಳನ್ನೆಲ್ಲ ಬರಿದು ಮಾಡಿಸಿದ. ಹಾಗಾಗಿ ಸತ್ತೇಗಾಲದ ಬೀಗರು ಹೇಳದೆ ಕೇಳದೆ ಬಂದು ಕೂತಾಗ ಮನೆಯಲ್ಲಿ ಸಕ್ಕರೆಯೇ ಇರಲಿಲ್ಲ. ಅವತ್ತು ಬೀದಿಯ ಅಂಗಡಿಗೆ ರಜ. ಬಸವೇಶ ಸಕ್ಕರೆ ತರಲು ಕಾರಿನಲ್ಲೇ ಹೊರಟ. ಬಸ್‌ಸ್ಟ್ಯಾಂಡ್ ಬಳಸಿ ಬರುವಷ್ಟರಲ್ಲಿ ಬೀಗರು ಬರೀ ನೀರು ಕುಡಿದು, ಬಾಳೆಹಣ್ಣು ತಿಂದು, ಎದ್ದು ಹೋಗಿದ್ದರು.

“ಮೂಟೆಗಟ್ಲೆ ಮಡಿಕಂಡು ಬಾಳಿದ್ ಮನೆ ಕನ್ಲಾ ಇದು! ಬೀಗರ್ ಮುಂದೆ ನನ್ ಮುಖವ ಎಲ್ಲಿಗ್ ಮಡೀಕಳ್ಳಿ?” ಎಂದು ಶಿವರತ್ನಮ್ಮ ಮಗನ ಮೇಲೆ ಹರಿಹಾಯ್ದರು.

ಮಾರನೆಯ ದಿನದಿಂದ ಅತ್ತೆ ಸೊಸೆ ಸೇರಿ ಸಕ್ಕರೆ, ಬೇಳೆ, ಬೆಲ್ಲಗಳನ್ನು ಪಕ್ಕದ ಮನೆಯ ಚೆಲುವಮ್ಮನ ಅಟ್ಟದಲ್ಲಿ ಇಟ್ಟರು. ಬೇಕಾದಾಗ ಗೋಡೆಯ ಮೇಲಿಂದ ಒಂದೊಂದು ಲೋಟ ಬರುತ್ತಿತ್ತು. “ನೋಡಿದ್ಯಾ, ಪದ್ಧತಿ ಹೆಂಗೆ ನಡೀತಿದೆ!” ಎಂದು ಬಸವೇಶ ಬೀಗಿದ.

ಎರಡನೆಯದು ಹಗ್ಗ. ಅವರ ಕಾರ್ಖಾನೆಯಲ್ಲಿ ಯಾವ ಕೆಲಸಗಾರನ ಕಣ್ಣಿಗೆ ದೋಷ ಬಿದ್ದರೂ ತಲೆಯ ಮೇಲಿನ ಹಗ್ಗ ಎಳೆಯಬಹುದು, ದೋಷ ಸರಿಪಡಿಸದಿದ್ದರೆ ಕಾರು ಜೋಡಿಸುವ ಸಾಲಿಗೆ ಸಾಲೇ ನಿಲ್ಲುತ್ತದೆ. ಎಳೆ ಕಿತ್ತರೆ ನಿಲ್ಲುವ ಸಕಿಚಪ್ಪನ ಮಗ್ಗದ ಮೊಮ್ಮಗ ಅದು. ಬಸವೇಶ ಮಗ್ಗಕ್ಕೆ ಕಟ್ಟುವ ನೈಲಾನ್ ಹಗ್ಗ ತಂದು, ಒಲೆಯ ಪಕ್ಕದಿಂದ ನಡುಮನೆಯ ತನಕ ಮೊಳೆಗಳ ಮೇಲೆ ಹಾಯಿಸಿ, ತುದಿಗೆ ಅಟ್ಟದಲ್ಲಿದ್ದ ಹಳೆಯ ಪೂಜೆಗಂಟೆಯನ್ನು ಕಟ್ಟಿದ.

ಗಂಟೆ ಕಟ್ಟಿದ್ದು ಮಹಾಪರಾಧವಾಯಿತು. ಮೊದಲ ದಿನವೇ ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಬಿದ್ದು, ಶಿವರತ್ನಮ್ಮ ಉತ್ಸಾಹದಿಂದ ಹಗ್ಗ ಎಳೆದರು. ಢಣಢಣಢಣ! ಸ್ನಾನ ಮುಗಿಸಿ ವಿಭೂತಿ ಧರಿಸುತ್ತಿದ್ದ ವೃಷಭೇಂದ್ರಪ್ಪನವರು ಬೆಚ್ಚಿ, ಒದ್ದೆ ಪಂಚೆಯಲ್ಲೇ ಓಡಿಬಂದು, ಅಡುಗೆಮನೆಯ ಹೊಸ್ತಿಲಲ್ಲಿ ಕಣ್ಮುಚ್ಚಿ ಎರಡೂ ಅಂಗೈ ಚಾಚಿ ನಿಂತರು.

“ಮಂಗ್ಳಾರತಿ ಎಲ್ಲವ್ವ?”

“ಮಂಗಳಾರತಿ ಅಲ್ಲ ಮಾವ. ಉಪ್ಪಿಟ್ಟಿಗೆ ಉಪ್ಪು ಜಾಸ್ತಿ.”

ಅವರು ಒಂದು ಕಣ್ಣು ತೆರೆದು ನೋಡಿದರು. ಚಾಚಿದ ಕೈ ಹಿಂದಕ್ಕೆ ತೆಗೆಯಲು ಮನಸ್ಸಾಗಲಿಲ್ಲ. “ಇರ್ಲಿ ಬುಡು. ವಸಿ ತೀರ್ಥನಾದ್ರೂ ಕೊಡು.”

ಎಷ್ಟು ಹೇಳಿದರೂ ಅವರ ಕಿವಿಗೂ ಕೈಗೂ ಇದ್ದ ಹಳೆಯ ನಂಟು ಬಿಡಲಿಲ್ಲ. ಗಂಟೆಯಾದರೆ ಸಾಕು, ಬಂದು ಕೈ ಚಾಚುತ್ತಿದ್ದರು. ಶಿವರತ್ನಮ್ಮ ಧಾರಾವಾಹಿಯ ಹೊತ್ತಿಗೆ ಮಿಕ್ಸಿ ನಿಲ್ಲಿಸಲು ಎಳೆಯುತ್ತಿದ್ದರು. ಸಿಂಧು ಸ್ಟೂಲು ಹತ್ತಿ ಚಾಕಲೇಟಿಗಾಗಿ ಎಳೆಯುತ್ತಿದ್ದಳು. ಪಾಪ, ಮಾವನವರು ಪ್ರತಿ ಸಲವೂ ಬಂದು ನಿರಾಶರಾಗಿ ಹೋಗುತ್ತಿದ್ದರು. ನಾಗಶ್ರೀ ಕೊನೆಗೆ ಒಲೆಯ ಪಕ್ಕದಲ್ಲಿ ಒಂದು ಬಟ್ಟಲು ಕಲ್ಲುಸಕ್ಕರೆ ಇಡುವುದನ್ನು ರೂಢಿ ಮಾಡಿಕೊಂಡಳು. ಚಾಚಿದ ಕೈ ಬರಿದೇ ಹೋಗಬಾರದಲ್ಲ.

ಮೂರನೆಯದು ‘ಐದು ಯಾಕೆ’. ಯಾವ ತಪ್ಪಿಗೇ ಆಗಲಿ ಐದು ಸಲ ‘ಯಾಕೆ’ ಎಂದು ಕೇಳಿದರೆ ಬೇರು ಸಿಗುತ್ತದೆ ಎಂಬುದು ಟೊಯೋಟಾದವರ ಶೋಧ. (ಇದನ್ನು ಸಿಂಧು ಮಾತು ಕಲಿತ ವಾರದಲ್ಲೇ ಯಾರ ಸಹಾಯವೂ ಇಲ್ಲದೆ ಕಂಡುಹಿಡಿದಿದ್ದಳು. ಅವಳದು ಐದಕ್ಕೂ ನಿಲ್ಲುವುದಿಲ್ಲ.) ನಾಗಶ್ರೀಯ ಕೈಯಿಂದ ಗಾಜಿನ ಲೋಟ ಬಿದ್ದ ದಿನ ಬಸವೇಶ ವಿಚಾರಣೆಗೆ ಕೂತ.

“ಲೋಟ ಯಾಕೆ ಒಡೀತು?”

“ಜಾರಿತು.”

“ಯಾಕೆ ಜಾರಿತು?”

“ಕೈ ಒದ್ದೆ ಇತ್ತು.”

“ಯಾಕೆ ಒದ್ದೆ ಇತ್ತು?”

“ಪಾತ್ರೆ ತೊಳೀತಿದ್ದೆ.”

“ಯಾಕೆ ನೀನು ತೊಳೀತಿದ್ದೆ?”

“ನೀವು ತೊಳೀಲಿಲ್ವಲ್ಲ, ಅದಕ್ಕೆ.”

ಐದನೆಯ ‘ಯಾಕೆ’ಯನ್ನು ಬಸವೇಶ ಕೇಳಲಿಲ್ಲ. ಅಂಗಡಿಗೆ ಹೊತ್ತಾಯಿತೆಂದು ಹೊರಟ. ಆದರೆ ಆ ವಿದ್ಯೆಯ ಹರಿತ ಎಷ್ಟೆಂಬುದು ನಾಗಶ್ರೀಗೆ ಅವತ್ತೇ ಗೊತ್ತಾಗಿಹೋಯಿತು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಟ್ಟುಕೊಂಡಳು.

ಗಂಟು ಬಿಚ್ಚುವ ದಿನ ಬಂತು. ಶಾಗ್ಯದ ತವರಿನಲ್ಲಿ ತಂಗಿ ಮಾಲಿನಿಗೆ ಸೀಮಂತ. ನಾಗಶ್ರೀ ಫೋನಿನಲ್ಲಿ ಸುಮ್ಮನಿರಲಾರದೆ, “ನಾನೇ ಕಾರು ಓಡಿಸ್ಕೊಂಡು ಬರ್ತೀನಿ ಕಣೇ” ಎಂದುಬಿಟ್ಟಿದ್ದಳು.

ಆ ಕಡೆಯಿಂದ ಬಂದ ನಗು ಬಸುರಿಗೆ ತಕ್ಕದ್ದಲ್ಲ. “ನೀನಾ? ಸೈಕಲ್ ಕಲೀವಾಗ ತಿಪ್ಪೆಗೆ ಬಿದ್ದೋಳು! ತಡಿ ಅಕ್ಕ, ಈಗ್ಲೇ ಅಣ್ಣಂಗೆ ಹೇಳಿ ತಿಪ್ಪೆ ಆ ಕಡೆಗೆ ಎಳೆಸ್ಬುಡ್ತೀನಿ.”

“ನಗು ನಗು. ಬಂದ್ರೆ ಏನ್ ಕೊಡ್ತೀಯ?”

“ನೀನು ಸ್ಟೇರಿಂಗ್ ಹಿಡ್ಕೊಂಡು ನಮ್ಮನೆ ಮುಂದೆ ಬಂದಿಳಿದ್ರೆ, ಅವ್ವನ್ನೂ ಬುಟ್ಟು ಮೊದಲ್ನೇ ಬಳೆ ನಿನ್ ಕೈಲೇ ತೊಡಿಸ್ಕೋತೀನಿ. ಆಣೆ!”

ಮೊದಲನೆಯ ಬಳೆ! ಮಾಲಿನಿಯನ್ನು ಎತ್ತಿ ಆಡಿಸಿದವಳು, ಜಡೆ ಹಾಕಿದವಳು, ಅವಳ ಲೆಕ್ಕದ ಹೋಮ್‌ವರ್ಕ್ ಮಾಡಿಕೊಟ್ಟು ತಾನೂ ತಪ್ಪು ಮಾಡಿದವಳು ನಾಗಶ್ರೀ. ಅವಳಿಗೆ ಆ ಬಳೆ ಬೇಕೇ ಬೇಕಿತ್ತು. ಬಸವೇಶನನ್ನು ವಾರವೆಲ್ಲ ಕೇಳಿದಳು. ಬಿಸಿ ಚಪಾತಿಯ ಜೊತೆ ಕೇಳಿದಳು, ತಣ್ಣನೆ ಮುಖದಿಂದ ಕೇಳಿದಳು. “ಒಳರಸ್ತೆ ಕಣೇ, ಇನ್ನೊಂದ್ಸಲ ನೋಡಣ” ಎಂಬುದೊಂದೇ ಉತ್ತರ.

ಭಾನುವಾರ ಬೆಳಿಗ್ಗೆ ಎಲ್ಲರೂ ಸಿದ್ಧ. ಶಿವರತ್ನಮ್ಮ ರೇಷ್ಮೆ ಸೀರೆಯಲ್ಲಿ, ಮಾವ ಇಸ್ತ್ರಿ ಪಂಚೆಯಲ್ಲಿ, ಸಿಂಧು ಎರಡು ಜುಟ್ಟಿನಲ್ಲಿ. ಬಸವೇಶ ಕೀ ಕುಲುಕುತ್ತಾ ಹೊಸ್ತಿಲು ದಾಟಬೇಕು, ಅಷ್ಟರಲ್ಲಿ ನಾಗಶ್ರೀ ಸರ್ರನೆ ಅಡುಗೆಮನೆಗೆ ಹೋಗಿ ಹಗ್ಗ ಜಗ್ಗಿದಳು.

ಢಣಢಣಢಣಢಣ!

ಎಲ್ಲರೂ ನಿಂತರು. ಮಾವ ಬಂದು ಕಣ್ಮುಚ್ಚಿ ಕೈ ಚಾಚಿದರು. ನಾಗಶ್ರೀ ಕಲ್ಲುಸಕ್ಕರೆ ಹಾಕಿ ಗಂಡನತ್ತ ತಿರುಗಿದಳು.

“ದೋಷ ಸಿಕ್ಕಿದೆ. ಕೆಲಸ ನಿಲ್ಲಲಿ.”

“ಹೊರಡೋ ಹೊತ್ನಲ್ಲಿ ಎಂಥ ದೋಷಾನೇ?”

“ಕೀ ತಪ್ಪು ಕೈಲಿದೆ. ಇವತ್ತು ನಾನು ಯಾಕೆ ಓಡಿಸಬಾರದು?”

ಪದ್ಧತಿಗೆ ಬದ್ಧನಾದವನು ತಪ್ಪಿಸಿಕೊಳ್ಳುವ ಹಾಗಿಲ್ಲ. ಅಪ್ಪ ಅವ್ವ ಎದುರಿಗೇ ಇದ್ದಾರೆ.

“ಶಾಗ್ಯದ ಒಳರಸ್ತೆ ಕಿರಿದು.”

“ಕಿರಿದಾದ್ರೆ ಯಾಕೆ ಭಯ?”

“ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬರಬಹುದು.”

“ಬಂದ್ರೆ ಬರ್ಲಿ, ಅದು ಯಾಕೆ ಕಷ್ಟ?”

“ನಾವು ಹಿಂದಕ್ಕೆ ತಗೋಬೇಕಾಗ್ತದೆ…”

“ತಗೊಂಡ್ರಾಯ್ತು. ಅದು ಯಾಕೆ ಆಗಲ್ಲ?”

ಬಸವೇಶ ಬಾಯಿ ತೆರೆದ. ಮುಚ್ಚಿದ. ಗಂಟೆಯ ಕಡೆ ನೋಡಿದ. ಆಗ ಅವನ ಅಂಗಿಯ ತುದಿ ಹಿಡಿದೆಳೆದು ಸಿಂಧು ಐದನೆಯದನ್ನು ಕೇಳಿದಳು: “ಅಪ್ಪಾ, ಯಾಕೆ ಸುಮ್ನಾದೆ?”

“ನಂಗೆ…” ಎಂದ ಬಸವೇಶ, ಪೂಜೆಯ ಹೊತ್ತಿನ ಮೆಲುದನಿಯಲ್ಲಿ, “ರಿವರ್ಸ್ ಬರಲ್ಲ.”

ಬೇರು ಸಿಕ್ಕಿತು! ಆಮೇಲೆ ಎಲ್ಲರ ತಲೆಯಲ್ಲೂ ಒಂದೊಂದು ದೀಪ ಹತ್ತತೊಡಗಿತು.

“ಅದ್ಕೇಯೇನ್ಲಾ ನನ್ನ ದಿನಾ ಬಸ್‌ಸ್ಟ್ಯಾಂಡ್ ಸುತ್ತ ತಿರುಗಿಸ್ತಿದ್ದದ್ದು!” ಎಂದರು ಶಿವರತ್ನಮ್ಮ. “ನಾನು ಗಾಡಿ ಬಿಸಿ ಆಯ್ತದೆ ಅಂತ ಬಾಯ್ ಮುಚ್ಕಂಡು ಕುಂತಿದ್ನಲ್ಲಪ್ಪ!”

“ಗೌರೇಶ್ವರನ ತೋರಿಸ್ತೀನಿ ಅಂತ ಸಂತೇಮರಳ್ಳಿ ತೋರ್ಸ್ಕಂಡು ಬಂದ್ನಲ್ಲೇ ರತ್ನ ನಿನ್ ಮಗ!” ಎಂದರು ವೃಷಭೇಂದ್ರಪ್ಪ. ಕಲ್ಲುಸಕ್ಕರೆ ಕಟಕಟ ಕಡಿದು, ತೀರ್ಪಿತ್ತರು: “ಕೊಡ್ಲಾ ಕೀಯ.”

ಹೀಗೆ ನಾಗಶ್ರೀ ಸ್ಟೇರಿಂಗ್ ಹಿಡಿದಳು. ಮಧುವನಹಳ್ಳಿ ದಾಟುವ ತನಕ ಬಸವೇಶ ತನ್ನ ಕಾಲಿನ ಕೆಳಗೆ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದ. ಕಾಮಗೆರೆಯ ಹೊತ್ತಿಗೆ ಕಾಲು ಸುಮ್ಮನಾಯಿತು. ಕಾರು ಅವಳ ಕೈಯಲ್ಲಿ ತೇಲುವ ಹಾಗೆ ಹೋಗುತ್ತಿತ್ತು. ಗಂಡ ಸವರಿದ್ದರಲ್ಲಿ ತಪ್ಪೇನೂ ಇಲ್ಲ ಎಂದು ಅವಳಿಗೆ ಮೊದಲ ಬಾರಿ ಅನ್ನಿಸಿತು. (ಹೇಳಲಿಲ್ಲ.)

ಶಾಗ್ಯದ ಒಳರಸ್ತೆಯಲ್ಲಿ ಬಸವೇಶ ಹೆದರಿದ ಕಬ್ಬಿನ ಟ್ರ್ಯಾಕ್ಟರು ಮಾತಿಗೆ ತಪ್ಪದೆ ಎದುರು ಬಂತು. ನಾಗಶ್ರೀ ಕನ್ನಡಿ ನೋಡಿ, ಗೋವಿಂದಯ್ಯನವರನ್ನು ನೆನೆದು, ಹುಣಸೆಮರದ ಪಕ್ಕದ ಖಾಲಿ ಜಾಗದ ತನಕ ಕಾರನ್ನು ನೂಲೆಳೆದ ಹಾಗೆ ಹಿಂದಕ್ಕೆ ತಂದಳು. ಟ್ರ್ಯಾಕ್ಟರಿನವನು ದಾಟುವಾಗ ನಿಲ್ಲಿಸಿ, ಪಕ್ಕದಲ್ಲಿ ಗಂಭೀರವಾಗಿ ಕೂತಿದ್ದ ಬಸವೇಶನಿಗೆ ಹೇಳಿದ: “ಸಾ, ಒಳ್ಳೆ ಡ್ರೈವರ್‌ನೇ ಮಡಿಕಂಡಿದ್ದೀರಿ ಬುಡಿ!”

ಕಾರಿನಲ್ಲಿ ಎಲ್ಲರೂ ನಕ್ಕರು. ನಾಗಶ್ರೀಯೂ ನಕ್ಕಳು. ನಗಬಾರದಿತ್ತು.

ತವರಿನ ಮುಂದೆ ಕಾರು ನಿಂತಾಗ ಮಾಲಿನಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಿಗೆ ಬಂದಳು. ಬಾಯಿ ತೆರೆದದ್ದು ತೆರೆದೇ ಇತ್ತು. ನಾಗಶ್ರೀ ಕೀಯನ್ನು ಬೆರಳಲ್ಲಿ ತಿರುಗಿಸುತ್ತಾ ಇಳಿದು, “ತಿಪ್ಪೆ ಎಲ್ಲಿ ಹಾಕ್ಸಿದ್ದೀಯ?” ಎಂದಳು. ಅವ್ವ ಓಡಿಬಂದು ದೃಷ್ಟಿ ತೆಗೆದರು, ಕಾರಿಗಲ್ಲ, ಅವಳಿಗೆ. ಕೇರಿಯ ಹೆಂಗಸರೆಲ್ಲ ಸುತ್ತ ನಿಂತು ನೋಡಿದರು. ಆ ಗಳಿಗೆ ಚಿನ್ನದಂಥದ್ದು. ಒಂದು ಲೋಟ ಪಾನಕ ಕುಡಿದು ಮುಗಿಸುವ ತನಕ ಇತ್ತು.

ಲೋಟ ಕೆಳಗಿಡುವಾಗ ಅವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದರು.

“ಮಗ, ಅನೂರಿಂದ ಬಳೆ ಶೆಟ್ರು ಬರ್ಬೇಕಿತ್ತು, ಬಸ್ಸೇ ಇಲ್ವಂತೆ. ವಸಿ ಓಗ್ ಕರ್ಕಂಡ್ ಬಂದ್ಬುಡವ್ವ.”

“ಅವ್ವ, ಇಷ್ಟು ದಿನ ಕಾರು ಬರ್ತಿತ್ತಲ್ಲ, ಒಂದ್ಸಲಾನೂ ಕೇಳ್ಲಿಲ್ಲ?”

“ಅಯ್ಯೋ, ಅಳೀಮಯ್ಯನೋರು ಓಡ್ಸ್ಕ ಬತ್ತಿದ್ರು ಕನ. ಅಳೀಮಯ್ಯನೋರ್ನ ಅಲ್ಲೋಗಿ ಇಲ್ಲೋಗಿ ಅನ್ನಕ್ಕಾದದಾ? ನೀನು ಮನೆ ಮಗಳಲ್ವಾ!”

ನಾಗಶ್ರೀಗೆ ಆಗ ಹೊಳೆಯಿತು. ಇಷ್ಟು ದಿನ ಆ ಕಾರನ್ನು ಅಳಿಯತನ ಎಂಬ ಬೇಲಿ ಕಾಯುತ್ತಿತ್ತು. ತವರಿನಲ್ಲಿ ಅಳಿಯನೆಂದರೆ ಕೂರಿಸಿ ಉಣಿಸುವ ವಸ್ತು. ಅವನ ಕೈಯಲ್ಲಿ ಒಂದು ಚೊಂಬು ನೀರು ತರಿಸಿದರೂ ಊರು ಆಡಿಕೊಳ್ಳುತ್ತದೆ. ಎಂಟು ಸೀಟಿನ ಕಾರು ಬಾಗಿಲಲ್ಲಿ ನಿಂತಿದ್ದರೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ಆ ಬೇಲಿಯನ್ನು ಇವತ್ತು ಬೆಳಿಗ್ಗೆ ಹಗ್ಗ ಜಗ್ಗಿ ಕಿತ್ತವಳು ತಾನೇ.

ಬಳೆ ಶೆಟ್ಟರು ಬಂದರು. ಆಮೇಲೆ ಪೂಜೆಗೆ ಅಯ್ನೋರು ಗುರುಸಿದ್ದಯ್ಯನವರನ್ನು ಪಕ್ಕದೂರಿನಿಂದ ಕರೆತರಬೇಕಾಯಿತು. ಅವರನ್ನು ಇಳಿಸುವಷ್ಟರಲ್ಲಿ ಅಡುಗೆಯವರಿಗೆ ದೊಡ್ಡ ಜಾಲರಿ ಬೇಕಾಯಿತು. ಬರುತ್ತಾ ಹೋಗುತ್ತಾ ಕಿಟಕಿಯಿಂದ ಅವಳಿಗೆ ಕಂಡದ್ದು ಇಷ್ಟು: ನಡುಮನೆಯಲ್ಲಿ ಜಮಖಾನದ ಮೇಲೆ ದಿಂಬಿಗೊರಗಿ ಬಸವೇಶ ಕೂತಿದ್ದಾನೆ. ಅವನ ಮುಂದೆ ಕಜ್ಜಾಯ ಬರುತ್ತಿದೆ, ಹೋಳಿಗೆ ಬರುತ್ತಿದೆ, ತುಪ್ಪ ಬರುತ್ತಿದೆ. ಬೇಕಾದಾಗ, ಬೇಕಾದಷ್ಟು. ಅವನು ಸುತ್ತ ಕೂತ ಗಂಡಸರಿಗೆ ಸಕಿಚಪ್ಪನ ಕಥೆ ಹೇಳುತ್ತಿದ್ದಾನೆ.

ಕಡೆಯದಾಗಿ ಮಾರ್ಟಳ್ಳಿಯ ದೊಡ್ಡವ್ವ ಹನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಕಾಯುತ್ತಿದ್ದಾರೆಂದು ಫೋನು ಬಂತು. ನಾಗಶ್ರೀ ಹೋದಳು. ದೊಡ್ಡವ್ವನ ಜೊತೆ ಮೂವರು ಓರಗಿತ್ತಿಯರು, ಒಂದು ಹಲಸಿನ ಹಣ್ಣು, ರಾಗಿ ಮೂಟೆ ಇದ್ದವು. ಎಲ್ಲರೂ ಹತ್ತಿ, ಹಲಸನ್ನು ಎಲ್ಲಿ ಕೂರಿಸುವುದೆಂದು ಚರ್ಚೆಯಾಗಿ (ಕೊನೆಗೆ ಅದಕ್ಕೇ ಮುಂದಿನ ಸೀಟು), ಶಾಗ್ಯ ಮುಟ್ಟುವ ಹೊತ್ತಿಗೆ ಮನೆಯೊಳಗೆ ಸೋಬಾನೆ ಮುಗಿಯುತ್ತಾ ಬಂದಿತ್ತು.

“ರಾವುಕಾಲ ಬಂದ್ಬುಡ್ತದೆ ಅಂತ ಶುರು ಮಾಡ್ಬುಟ್ವಿ ಕನ ಮಗ” ಎಂದರು ಅವ್ವ.

ಮಾಲಿನಿಯ ಎರಡೂ ಕೈ ಮೊಣಕೈ ತನಕ ಹಸಿರು ಬಳೆ. ಮೊದಲನೆಯದನ್ನು ಅವ್ವ ತೊಡಿಸಿಯಾಗಿತ್ತು. ನಾಗಶ್ರೀ ಬಾಗಿಲಲ್ಲೇ ನಿಂತಳು. ಕೈಯಲ್ಲಿ ಕೀ, ಸೀರೆಗೆ ಹಲಸಿನ ಮೇಣ. ಮಾಲಿನಿ ಅವಳನ್ನು ನೋಡಿ, ಮಡಿಲಲ್ಲಿ ಮುಚ್ಚಿಟ್ಟಿದ್ದ ಒಂದು ಬಳೆಯನ್ನು ಮೇಲೆತ್ತಿದಳು.

“ಮೊದಲ್ನೇದು ರಾಹುಕಾಲಕ್ಕೆ ಹೆದರ್ಕೊಂಡು ಹೋಯ್ತು. ಕೊನೇದು ಯಾರಿಗೂ ಕೊಡ್ಲಿಲ್ಲ. ಬಾ ಡ್ರೈವರಮ್ಮ, ತೊಡ್ಸು.”

ತೊಡಿಸುವಾಗ ನಾಗಶ್ರೀಯ ಕಣ್ಣು ತುಂಬಿತು. ಹಸಿವಿನಿಂದಲೂ ಇರಬಹುದು. ಊಟಕ್ಕೆ ಕೂತು ಎರಡು ತುತ್ತು ತಿನ್ನುವಷ್ಟರಲ್ಲಿ ಬೆನ್ನ ಹಿಂದೆ ದೊಡ್ಡವ್ವನ ದನಿ ಕೇಳಿತು: “ನಿಧಾನಕ್ ಉಣ್ಣವ್ವ, ಆತುರ ಇಲ್ಲ. ಮಾರ್ಟಳ್ಳಿಗೆ ಓಗೋ ಬಸ್ಸು ಎಂಗಿದ್ರೂ ಓಗಾಯ್ತು.”

ಆ ವಾರವೆಲ್ಲ ಅದೇ. ಸುದ್ದಿ ಶಾಗ್ಯದಿಂದ ಕೊಳ್ಳೇಗಾಲಕ್ಕೆ ಕಾರಿಗಿಂತ ಮೊದಲೇ ಬಂದಿತ್ತು. ಶಿವರತ್ನಮ್ಮನಿಗೆ ಸತ್ತೇಗಾಲದ ಬೀಗರ ಮನೆಗೆ ಹೋಗಿ ಸಕ್ಕರೆಯ ಅವಮಾನ ತೊಳೆದುಕೊಳ್ಳಬೇಕಿತ್ತು. ಮಾವನಿಗೆ ಗೌರೇಶ್ವರನ ದರ್ಶನ ಬಾಕಿಯಿತ್ತು. ಮಗನನ್ನು ಕೇಳಲು ಸಂಕೋಚ, ಅವನಿಗೆ ಅಂಗಡಿಯಿದೆ, ಮೇಲಾಗಿ ರಿವರ್ಸ್ ಬರುವುದಿಲ್ಲ. ಸೊಸೆ ಮನೆಯಲ್ಲೇ ಇರುತ್ತಾಳಲ್ಲ! ಬಸವೇಶನಂತೂ ಸ್ಕೂಟರಿನಲ್ಲಿ ಹಾಯಾಗಿ ಅಂಗಡಿಗೆ ಹೋಗುತ್ತಿದ್ದ, ಎಡಗಡೆಯಿಂದ, ಹತ್ತೇ ಹೆಜ್ಜೆ.

ಮುಂದಿನ ಭಾನುವಾರ ಬೆಳಿಗ್ಗೆ ನಾಗಶ್ರೀ ಕಾಫಿಯ ಜೊತೆ ಕೀಯನ್ನೂ ಅವನ ಮುಂದಿಟ್ಟಳು.

“ರೀ, ತಗೊಳ್ಳಿ ನಿಮ್ಮ ಇನ್ನೋವಾನ. ನಾನೇ ರಿವರ್ಸ್ ಕಲಿಸಿಕೊಡ್ತೀನಿ. ಸಂತೆಮಾಳದಲ್ಲಿ, ಯಾರೂ ನೋಡದ ಹೊತ್ನಲ್ಲಿ.”

ಬಸವೇಶ ಕಾಫಿ ತೆಗೆದುಕೊಂಡ. ಕೀಯ ಹತ್ತಿರ ಕೈ ತರಲಿಲ್ಲ.

“ಬ್ಯಾಡ ಕಣೇ ನಾಗೂ. ಐದು ಸಲ ಕೇಳಿ ಬೇರು ಹಿಡಿದ್ಮೇಲೆ ಅದನ್ನ ಮತ್ತೆ ಮಣ್ಣಿಗೆ ಹಾಕ್ಬಾರ್ದು. ಪದ್ಧತಿಗೆ ಅವಮಾನ.”

“ಪದ್ಧತಿ ಅಂತೆ ಪದ್ಧತಿ!” ನಾಗಶ್ರೀಗೆ ರೇಗಿಹೋಯಿತು. ನೇರ ಅಡುಗೆಮನೆಗೆ ನಡೆದಳು. ಈ ಹಗ್ಗವನ್ನು ಇವತ್ತು ಕಿತ್ತು ಒಲೆಗೆ ಹಾಕುವುದೆಂದು ಎರಡೂ ಕೈಯಲ್ಲಿ ಹಿಡಿದು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆದಳು. ಮಗ್ಗದ ನೈಲಾನು, ಕಿತ್ತು ಬರಲಿಲ್ಲ. ಗಂಟೆ ಮಾತ್ರ ಹಿಂದೆಂದೂ ಆಗದಷ್ಟು ಜೋರಾಗಿ ಮೊಳಗಿತು.

ಮಾವ ಬಂದರು. ಈ ಸಲ ಅಂಗೈ ಚಾಚಲಿಲ್ಲ. ಕೈಯಲ್ಲಿ ಕೊಡೆ, ಹೆಗಲ ಮೇಲೆ ಮಡಿಸಿದ ಶಲ್ಯ, ಕಾಲಲ್ಲಿ ಚಪ್ಪಲಿ. ಹಿಂದೆಯೇ ಅತ್ತೆ, ಕಂಕುಳಲ್ಲಿ ಬ್ಯಾಗು. ಸಿಂಧು ಎರಡೂ ಚಪ್ಪಲಿಯನ್ನು ಕಾಲು ಬದಲಿಸಿ ಹಾಕಿಕೊಂಡು ಓಡಿಬಂದಳು. ಗೋಡೆಯಾಚೆ ಬಾಗಿಲಿಗೆ ಬೀಗ ಹಾಕುವ ಸದ್ದಾಗಿ, ಮೇಲಿಂದ ಚೆಲುವಮ್ಮನ ತಲೆ ಕಾಣಿಸಿತು.

“ಗಂಟೆ ಆಯ್ತಲ್ಲ, ಒಂಟೇಬುಟ್ರಾ? ತಡೀರವ್ವ, ಯಳಂದೂರ್ ತಂಕ ನಾನೂ ಬಂದೆ!”